ಮಳೆಗಾಲ ಬಿಟ್ಟು ಎಣಿಸಿದ ಕಾಡು

ಗಣಿಯ ಗಲಾಟೆ ಎದ್ದಾಗಲೆಲ್ಲ ಬೆಂಗಳೂರಿನಲ್ಲಿ ಎರಡು ಮಾತು ಕೇಳುತ್ತವೆ. ಆ ಬೆಟ್ಟದಲ್ಲಿ ಕರಡಿ ಇದೆ, ಕೊಂಡುಕುರಿ ಇದೆ, ಬೇರೆಲ್ಲೂ ಸಿಗದ ಗಿಡಗಳಿವೆ ಎಂದು ಒಂದು ಕಡೆಯವರು. ಸಮೀಕ್ಷೆ ಮಾಡಿಸಿದ್ದೇವೆ, ಅಂಥದ್ದೇನೂ ಕಂಡಿಲ್ಲ ಎಂದು ಇನ್ನೊಂದು ಕಡೆಯವರು. ಸಂಡೂರಿನ ದೇವದಾರಿ ಗಣಿ 2024ರಲ್ಲಿ ಮತ್ತೆ ಸುದ್ದಿಗೆ ಬಂದ ಮೇಲೆ ಗೊಂದಲ ಜಾಸ್ತಿಯೇ ಆಗಿದೆ. ಆ ಗಣಿ ಬಂದರೆ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದು ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಹೆಚ್ಚು ಮರ. ಮರದ ಲೆಕ್ಕ ಸುಲಭ, ಅದು ನಿಂತಲ್ಲೇ ನಿಂತಿರುತ್ತದೆ. ಉಳಿದ ಜೀವಿಗಳನ್ನು ಯಾರು, ಯಾವಾಗ, ಹೇಗೆ ಎಣಿಸುತ್ತಾರೆ ಎಂಬುದೇ ಬೇರೆ ಕಥೆ.

ಬ್ರಿಟಿಷರ ಕಾಲದಿಂದ 1994ರವರೆಗೆ, ಗಣಿಗೆ ಮೊದಲು ಇಂಥ ಅಧ್ಯಯನ ಆಗಲೇಬೇಕು ಎಂಬ ಕಾನೂನಿನ ಕಡ್ಡಾಯ ಇರಲಿಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗೆ 30 ವರ್ಷದ ಗುತ್ತಿಗೆ ಸಿಕ್ಕಿದ್ದು 1969ರಲ್ಲಿ. ಆ ಮಳೆಕಾಡಿನಲ್ಲಿ ಸಿಂಗಳೀಕಗಳ ದೊಡ್ಡ ನೆಲೆ ಇದೆ ಎಂದು ಗೊತ್ತಾಗಿದ್ದು 1983-84ರಲ್ಲಿ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ಸಮೀಕ್ಷೆಯಿಂದ. 1987ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಆ ಸಮೀಕ್ಷೆ ಗಣಿಗೆ ಅನುಮತಿ ಪಡೆಯಲು ಮಾಡಿಸಿದ್ದಲ್ಲ. ಸಿಂಗಳೀಕ ಎಲ್ಲೆಲ್ಲಿದೆ ಎಂದು ಹುಡುಕಿಕೊಂಡೇ ಹೋದದ್ದು. ಈಗಿನ ವರದಿಗಳಿಗೂ ಅದಕ್ಕೂ ಇರುವ ವ್ಯತ್ಯಾಸ ಇದೇ.

1994ರಲ್ಲಿ ಮೊದಲ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆ, 2006ರಲ್ಲಿ ಈಗ ಜಾರಿಯಲ್ಲಿರುವುದು. ದೊಡ್ಡ ಗಣಿಗಳ ಕಡತ ದೆಹಲಿಗೆ ಹೋಗುತ್ತದೆ, ಚಿಕ್ಕವು ಬೆಂಗಳೂರಿನ ರಾಜ್ಯ ಪ್ರಾಧಿಕಾರಕ್ಕೆ. ಎರಡೂ ಕಡೆ ಕೇಳುವುದು ಹೆಚ್ಚುಕಡಿಮೆ ಒಂದೇ: ಗಣಿಯ ಜಾಗ ಮತ್ತು ಸುತ್ತ 10 ಕಿಲೋಮೀಟರ್‌ನಲ್ಲಿ ಗಾಳಿ, ನೀರು, ಮಣ್ಣು, ಶಬ್ದ, ಗಿಡ, ಪ್ರಾಣಿ. ಇವೆಲ್ಲವನ್ನೂ ಒಂದೇ ಋತುವಿನಲ್ಲಿ, ಅಂದರೆ ಮೂರು ತಿಂಗಳು, ನೋಡಿದರೆ ಸಾಕು. ಆ ಋತು ಮಳೆಗಾಲ ಆಗಿರಬಾರದು.

ಇದಕ್ಕೆ ಕಾರಣ ಇಲ್ಲದಿಲ್ಲ. ಮಳೆಯಲ್ಲಿ ದೂಳು ಅಳೆದರೆ ಕಡಿಮೆಯೇ ಬರುತ್ತದೆ, ಗಣಿಯವರಿಗೆ ಅನುಕೂಲವಾಗುತ್ತದೆ. ಗಾಳಿಯ ಮಟ್ಟಿಗೆ ನಿಯಮ ಸರಿ. ಆದರೆ ಅದೇ ಮೂರು ತಿಂಗಳಲ್ಲಿ ಕಪ್ಪೆಯನ್ನೂ ಹುಡುಕಬೇಕು ಅಂದರೆ? ಕಪ್ಪೆ ವಟಗುಟ್ಟುವುದು ಮಳೆ ಬಿದ್ದ ಮೇಲೆ. ಬೆಟ್ಟದ ಹುಲ್ಲು, ಗೆಡ್ಡೆಯಿಂದ ಏಳುವ ಸಣ್ಣ ಗಿಡಗಳು ತಲೆ ಎತ್ತುವುದೂ ಆಗಲೇ. ಏಪ್ರಿಲ್‌ನಲ್ಲಿ ಹೋದವರಿಗೆ ಒಣಗಿದ ಇಳಿಜಾರು ಕಾಣುತ್ತದೆ, ವರದಿಯಲ್ಲಿ ‘ಕುರುಚಲು ಕಾಡು’ ಎಂದು ಬರುತ್ತದೆ. ಅವರು ಸುಳ್ಳೇನೂ ಬರೆದಿರುವುದಿಲ್ಲ. ಸಂಡೂರಿನ ಬೆಟ್ಟಗಳಲ್ಲಿ ನೀಲಕುರಿಂಜಿಯೂ ಇದೆ. ಅದು ಹೂ ಬಿಡುವುದು 12 ವರ್ಷಕ್ಕೊಮ್ಮೆ. ಹೂವಿಲ್ಲದಾಗ ಅದರ ಜಾತಿಯ ಬೇರೆ ಗಿಡಗಳಿಂದ ಅದನ್ನು ಬೇರ್ಪಡಿಸಿ ಗುರುತಿಸಲು ಪಳಗಿದ ಕಣ್ಣೇ ಬೇಕು. ಮೂರು ತಿಂಗಳ ಸಮೀಕ್ಷೆಗೆ ಅದು ಪೊದೆ, ಅಷ್ಟೇ.

ಪಟ್ಟಿಯದ್ದು ಇನ್ನೊಂದು ತಲೆನೋವು. ಅಪರೂಪ ಯಾವುದು ಎಂದು ವರದಿಗಳು ನೋಡುವುದು ಮುಖ್ಯವಾಗಿ 1972ರ ವನ್ಯಜೀವಿ ಕಾಯ್ದೆಯ ಅನುಸೂಚಿಗಳನ್ನು. ನವಿಲು ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯಲ್ಲಿದೆ. ನಮ್ಮ ಬಯಲುಸೀಮೆಯಲ್ಲಿ ನವಿಲಿಲ್ಲದ ಊರು ಹುಡುಕುವುದೇ ಕಷ್ಟ, ಅಲ್ವಾ? ಹಳದಿ ಕೊರಳಿನ ಪಿಕಳಾರದ ಪಾಡು ಬೇರೆ. ದಕ್ಷಿಣ ಭಾರತದ ಬಂಡೆಬೆಟ್ಟಗಳಲ್ಲಿ ಬಿಟ್ಟು ಅದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಪಾಯದಲ್ಲಿರುವ ಹಕ್ಕಿ. ಆದರೂ 2022ರ ತಿದ್ದುಪಡಿಯವರೆಗೆ ನಾಲ್ಕನೇ ಅನುಸೂಚಿಯಲ್ಲಿ, ಉಳಿದೆಲ್ಲ ಪಿಕಳಾರಗಳ ಜೊತೆಗೇ ಇತ್ತು. ಗಿಡಗಳ ವಿಷಯ ಕೇಳಲೇಬೇಡಿ. ಕಾಯ್ದೆ ಕಾಪಾಡುತ್ತಿದ್ದದ್ದು ಆರೇ ಆರು ಬಗೆ. ಹೆಚ್ಚಾಗಿ ಹಿಮಾಲಯದ್ದು, ಈಶಾನ್ಯದ್ದು, ಜೊತೆಗೆ ಆಂಧ್ರದ ಒಂದು ಸೈಕಸ್ ಗಿಡ. ಸಂಡೂರಿನಲ್ಲಿ ಅವುಗಳಲ್ಲಿ ಒಂದೂ ಬೆಳೆಯುವುದಿಲ್ಲ.

ಮೊದಲನೇ ಅನುಸೂಚಿಯ ಪ್ರಾಣಿ ಸಿಕ್ಕರೂ ಗಣಿ ನಿಲ್ಲುತ್ತದೆ ಎಂದೇನಿಲ್ಲ. ಅರಣ್ಯ ಇಲಾಖೆಯ ಜೊತೆ ಮಾತಾಡಿ, ದುಡ್ಡು ಎಷ್ಟು ಎಂದು ನಮೂದಿಸಿ, ಸಂರಕ್ಷಣಾ ಯೋಜನೆ ಕೊಡಬೇಕು. ಹೀಗಾಗಿ ವರದಿಯಲ್ಲಿ ಕರಡಿ ಇರುವುದೂ ಇಲ್ಲದಿರುವುದೂ ಕೊನೆಗೆ ಖರ್ಚಿನ ಒಂದು ಸಾಲು.

ವರದಿ ಬರೆಯುವ ಸಲಹಾ ಸಂಸ್ಥೆಯನ್ನು ಗೊತ್ತುಮಾಡುವುದು, ಹಣ ಕೊಡುವುದು ಗಣಿ ಕೇಳಿದವರೇ. ಮಹಾರಾಷ್ಟ್ರದ ರತ್ನಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯದ ಗಣಿಯ ವರದಿಯ ಭಾಗಗಳೇ ಸಿಕ್ಕಿದ್ದವು. ಆಮೇಲೆ ಸಂಸ್ಥೆಗಳಿಗೆ ಮಾನ್ಯತೆ ಕಡ್ಡಾಯವಾಯಿತು, ವರದಿಗಳ ಅಚ್ಚುಕಟ್ಟುತನ ಹೆಚ್ಚಿತು. ಹಣದ ದಾರಿ ಮಾತ್ರ ಬದಲಾಗಲಿಲ್ಲ. ಸಾರ್ವಜನಿಕ ಅಹವಾಲಿಗೆ ಬರುವ ಊರಿನವರ ಕೈಗೆ ಕನ್ನಡದಲ್ಲಿ ಸಿಗುವುದು ಸಾರಾಂಶ. ಜೀವಿಗಳ ಪಟ್ಟಿ ಸಾಮಾನ್ಯವಾಗಿ ಇಂಗ್ಲಿಷ್ ಸಂಪುಟದ ಹಿಂದೆಲ್ಲೋ ಇರುತ್ತದೆ. ಕರಡಿ ಯಾವ ಹಳ್ಳ ದಾಟಿ ಬರುತ್ತದೆ ಎಂದು ಗೊತ್ತಿರುವವರು ಅದನ್ನು ಓದುವುದೇ ಇಲ್ಲ.

ಬೆಂಗಳೂರಿನ ಸುತ್ತಲಿನ ಬೆಟ್ಟಗಳಿಗೆ ಇಷ್ಟೂ ಇಲ್ಲ. 5 ಹೆಕ್ಟೇರ್‌ಗಿಂತ ಚಿಕ್ಕ ಕಲ್ಲು ಕ್ವಾರಿಗಳಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೇ 2012ರ ಫೆಬ್ರವರಿಯಲ್ಲಿ. ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟ ಅಭಯಾರಣ್ಯ ಆದದ್ದೂ ಅದೇ ವರ್ಷ. ಆದರೆ ಒಂಟಿಯಾಗಿರುವ ಚಿಕ್ಕ ಕ್ವಾರಿ ಬಿ2 ವರ್ಗಕ್ಕೆ ಸೇರುತ್ತದೆ. ಅದಕ್ಕೆ ಇಐಎ ವರದಿ ಬೇಡ, ಅಹವಾಲೂ ಬೇಡ. ನಂದಿಬೆಟ್ಟದ ಬಂಡೆಗಳಲ್ಲಿ ಕಾಣುವ ಪಿಕಳಾರ ಪಕ್ಕದ ಗುಡ್ಡದಲ್ಲೂ ಇದೆಯೇ ಎಂದು ಜಲ್ಲಿ ಕ್ರಷರ್ ಬರುವ ಮೊದಲು ನೋಡಿ ಬರುವ ಕೆಲಸ ಯಾರ ಪಾಲಿಗೂ ಬಂದಿಲ್ಲ.