ದ್ವೀಪಕ್ಕೊಂದು ಟಾರ್ಟನ್ ಅನ್ನೋದು ಹೊಸ ಶೋಕಿಯೇನಲ್ಲ

ಟಾರ್ಟನ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ಲಂಗದಂಥ ಕಿಲ್ಟ್‌ನಲ್ಲಿ ಕಾಣುವ ಆ ಚೌಕಳಿ ಉಣ್ಣೆ ಬಟ್ಟೆ. ಮನೆತನಕ್ಕೊಂದು ಚೌಕಳಿ, ಅದೂ ಅನಾದಿ ಕಾಲದಿಂದ ಬಂದದ್ದು ಅಂತ ತುಂಬಾ ಜನ ನಂಬಿದ್ದಾರೆ. ಹಾಗಾಗಿ ಒಂದು ಪುಟ್ಟ ದ್ವೀಪದವರು ಕೂತು ತಮಗೂ ಒಂದು ಟಾರ್ಟನ್ ಮಾಡಿಕೊಂಡರೆ, ಇದೆಲ್ಲ ಸುಮ್ನೆ ಟೂರಿಸ್ಟ್‌ಗಳಿಗೆ ಅನ್ನಿಸುತ್ತದೆ. ಆದರೆ ನಿಜ ಇದರ ಉಲ್ಟಾ ಇದೆ.

1703ರಲ್ಲಿ ಮಾರ್ಟಿನ್ ಮಾರ್ಟಿನ್ ಎಂಬಾತ (ಹೌದು, ಹೆಸರೇ ಹಾಗೆ) ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳ ಬಗ್ಗೆ ಒಂದು ಪುಸ್ತಕ ತಂದ. ಆತ ಸ್ಕೈ ದ್ವೀಪದವನೇ. ಹೊದ್ದ ಬಟ್ಟೆ ನೋಡಿ ಆಸಾಮಿ ಯಾವ ದ್ವೀಪದವನು ಅಂತ ಹೇಳಬಹುದಿತ್ತಂತೆ. ಮನೆತನ ಅಲ್ಲ, ಊರು! ಹೆಂಗಸರು ಒಂದು ಮರದ ತುಂಡಿನ ಮೇಲೆ ಪ್ರತಿ ಪಟ್ಟೆಯಲ್ಲಿ ಎಷ್ಟು ಎಳೆ ಅನ್ನೋದನ್ನು ಗುರುತು ಹಾಕಿಟ್ಟುಕೊಂಡು ಅದರಂತೆ ಮಾಡುತ್ತಿದ್ದರು ಅಂತಲೂ ಬರೆದಿದ್ದಾನೆ.

ಆಮೇಲೆ 1746ರ ಕಾನೂನು ಬಂತು. ಸ್ಕಾಟ್ಲೆಂಡಿನ ಬಂಡಾಯ ಅಡಗಿಸಿದ ಬ್ರಿಟಿಷ್ ಸರ್ಕಾರ ಅಲ್ಲಿನ ಗುಡ್ಡಗಾಡಿನ (ಹೈಲ್ಯಾಂಡ್) ಗಂಡಸರು ಈ ಉಡುಪು ಹಾಕಬಾರದು ಅಂದಿತು. ಸೇನೆಯವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ತೆಗೆದರು. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ 'ನಿಮ್ಮ ಮನೆತನದ ಟಾರ್ಟನ್ ಕಳಿಸಿ' ಅಂತ ಮನೆತನಗಳ ನಾಯಕರನ್ನು ಕೇಳಿದಾಗ ಎಷ್ಟೋ ಜನರಿಗೆ ತಮ್ಮದು ಯಾವುದು ಅಂತಲೇ ಗೊತ್ತಿರಲಿಲ್ಲ. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಎಲ್ಲರಿಗೂ ಟಾರ್ಟನ್ ಬೇಕಾಯಿತು. ಬ್ಯಾನಕ್‌ಬರ್ನ್‌ನ ವಿಲ್ಸನ್ ಗಿರಣಿಯಲ್ಲಿ ಮೊದಲು ಬರೀ ನಂಬರ್ ಇದ್ದ ಕೆಲವು ಚೌಕಳಿಗಳು ಮನೆತನದ ಹೆಸರು ಪಡೆದವು. ವ್ಯಾಪಾರ ಅಲ್ವಾ!

ಈಗ ಡಿಸೈನ್ ವಿಷಯ. ಸಾಮಾನ್ಯವಾಗಿ ಹಾಸಿಗೂ (ಉದ್ದದ ಎಳೆ) ಹೊಕ್ಕಿಗೂ (ಅಡ್ಡದ ಎಳೆ) ಅದೇ ಬಣ್ಣ, ಅದೇ ಎಳೆ ಲೆಕ್ಕ. ನೀಲಿ ಮೇಲೆ ಹಸಿರು ಹಾದಲ್ಲಿ ಎರಡೂ ಬೆರೆತ ಮೂರನೇ ಬಣ್ಣ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಅಲ್ಲಿ ಸಣ್ಣ ಓರೆ ಗೆರೆಗಳು. ಆರು ಬಣ್ಣ ಇಟ್ಟರೆ ಇಂಥ ಬೆರಕೆಯೂ ಸೇರಿ 21 ಛಾಯೆ. ಅದಕ್ಕೇ ಪೇಪರ್ ಮೇಲೆ ಚೆಂದ ಕಂಡದ್ದು ಮಗ್ಗದಲ್ಲಿ ಮಂಕಾಗಬಹುದು.

ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದ ಲ್ಯಾಕ್ಸಿ ಟಾರ್ಟನ್‌ನಲ್ಲಿ ನೀಲಿ ಸಮುದ್ರ, ಹಸಿರು ಗುಡ್ಡ, ಮುಳ್ಳುಪೊದೆಯ ಹಳದಿ ಹೂ, ಹೆದರ್ ಗಿಡದ ನೇರಳೆ ಹೂ, ಬಿಳಿ ಮನೆಗಳು. ಚೆಂದವೇ, ಆದರೆ ಕಡಲು ಗುಡ್ಡ ಯಾವ ದ್ವೀಪದಲ್ಲಿಲ್ಲ ಹೇಳಿ? ಬಣ್ಣಕ್ಕೆ ಅರ್ಥ ಹಚ್ಚೋದು ಸುಲಭ, ನಮ್ಮದೇ ಅನ್ನಿಸುವಂತೆ ಮಾಡೋದು ಕಷ್ಟ.

ಇನ್ನು, ದ್ವೀಪದ ಪರವಾಗಿ ಆರಿಸೋದು ಯಾರು? ಸ್ಕೈಗಾಗಿ ಸ್ಪರ್ಧೆ ಇಟ್ಟರು. ಗೆದ್ದದ್ದು 1992ರ ಡಿಸೈನ್, ಮಾಡಿದ್ದು ಸ್ಕೈ ಮೂಲದ ಆಸ್ಟ್ರೇಲಿಯಾದ ಮಹಿಳೆ. 2009ರಿಂದ ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಟಾರ್ಟನ್ ರಿಜಿಸ್ಟರ್ ಇದೆ. ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಎಳೆ ಲೆಕ್ಕ ಕೊಡಬೇಕು, ಡಿಸೈನ್ ಹೊಸದಾಗಿರಬೇಕು, ಆ ಹೆಸರಿಗೂ ನಿಮಗೂ ಏನು ಸಂಬಂಧ ಅಂತಲೂ ತೋರಿಸಬೇಕು.