ತಾಮ್ರ ಸೋಲುವುದು ಓಟದಲ್ಲಲ್ಲ

ಶಿವಮೊಗ್ಗದ ಕಾಲೇಜೊಂದರ ವಿಜ್ಞಾನ ಪ್ರದರ್ಶನದಲ್ಲಿ ದಪ್ಪಕ್ಷರದ ಭಿತ್ತಿಪತ್ರವೊಂದು ತೂಗುತ್ತಿತ್ತು: "ಬೆಳಕು ವಿದ್ಯುತ್ತಿಗಿಂತ ವೇಗ, ಆದ್ದರಿಂದ ನಾಳಿನ ಕಂಪ್ಯೂಟರ್ ಬೋರ್ಡಿನಲ್ಲಿ ಬೆಳಕೇ ಓಡಲಿದೆ." ಎರಡನೆಯ ಮಾತು ನಿಜವಾಗಬಹುದು. ಮೊದಲನೆಯದು ಎಷ್ಟು ಕಿತ್ತರೂ ಮಳೆಗಾಲದ ಕಳೆಯಂತೆ ಮತ್ತೆ ಚಿಗುರುವ ತಪ್ಪು ತಿಳಿವಳಿಕೆ.

ಲೆಕ್ಕ ಹಾಕಿ ನೋಡಿ. ಗಾಜಿನ ನಾರು ಮತ್ತು ಎಪಾಕ್ಸಿ ಎಂಬ ರಾಳದ ಮಾಮೂಲಿ ಹಸಿರು ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಒಂದು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಸಾಗುತ್ತದೆ. ಬೋರ್ಡಿನಲ್ಲಿ ಬೆಳಕಿಗೆ ದಾರಿಯಾಗುವುದು ಪಾರದರ್ಶಕ ಪ್ಲಾಸ್ಟಿಕ್, ಅಂದರೆ ಪಾಲಿಮರ್. ಅದರ ವಕ್ರೀಭವನ ಸೂಚ್ಯಂಕ (ಬೆಳಕಿನ ವೇಗ ಎಷ್ಟು ಪಟ್ಟು ತಗ್ಗುತ್ತದೆಂಬ ಅಳತೆ) ಸುಮಾರು 1.5, ಅದರೊಳಗೆ ಬೆಳಕು ಅಷ್ಟೇ ಹೊತ್ತಿನಲ್ಲಿ 20 ಸೆಂಟಿಮೀಟರ್ ಹೋಗುತ್ತದೆ. 30 ಸೆಂಟಿಮೀಟರ್ ಬೋರ್ಡಿನಲ್ಲಿ ಉಳಿತಾಯ ಅರ್ಧ ನ್ಯಾನೋಸೆಕೆಂಡ್. ವಿದ್ಯುತ್ತನ್ನು ಬೆಳಕಾಗಿಸಿ, ಮರಳಿ ವಿದ್ಯುತ್ತಾಗಿಸುವ ಚಿಪ್‌ಗಳು ಅದರಲ್ಲೂ ಪಾಲು ಕೇಳುತ್ತವೆ. ಅಷ್ಟಕ್ಕೂ ತಾಮ್ರದ ಗುಂಟ ಸಾಗುವ ಸಂಕೇತವೂ ವಿದ್ಯುತ್ಕಾಂತೀಯ ಅಲೆಯೇ.

ತಾಮ್ರಕ್ಕೆ ಕಷ್ಟ ಶುರುವಾಗುವುದು ಆ ಅಲೆ ಸೆಕೆಂಡಿಗೆ ಸಾವಿರ ಕೋಟಿ ಸಲ, ಅಂದರೆ 10 ಗಿಗಾಹರ್ಟ್ಸ್‌ನಲ್ಲಿ, ಏರಿಳಿಯಬೇಕಾದಾಗ. ಆವರ್ತನ ಹೆಚ್ಚಿದಂತೆ ಪ್ರವಾಹ ಲೋಹದ ಒಡಲನ್ನು ಬಿಟ್ಟು ಮೇಲ್ಮೈಗೆ ಸರಿಯುತ್ತದೆ. ಈ ಆವರ್ತನದಲ್ಲಿ ಅದರ ಬಹುಪಾಲು ಹರಿಯುವುದು ಒಂದೆರಡು ಮೈಕ್ರೋಮೀಟರ್ ಆಳದೊಳಗೆ ಮಾತ್ರ. ಗೆರೆ 35 ಮೈಕ್ರೋಮೀಟರ್ ದಪ್ಪವಿದ್ದರೂ ನಡುವಿನ ತಾಮ್ರ ವ್ಯರ್ಥ. ಇನ್ನೊಂದು ಪೇಚಾಟವನ್ನು ಹೇಳದಿರಲಾರೆ. ತಾಮ್ರದ ಹಾಳೆ ನುಣುಪಾಗಿದ್ದರೆ ಎಪಾಕ್ಸಿಗೆ ಗಟ್ಟಿಯಾಗಿ ಹಿಡಿಯದು. ಅದಕ್ಕೆಂದೇ ತಯಾರಕರು ಅದರ ಅಡಿಮೈಯನ್ನು ತರಿತರಿ ಮಾಡುತ್ತಾರೆ. ಆ ಉಬ್ಬುತಗ್ಗುಗಳ ಎತ್ತರ ಪ್ರವಾಹ ಹರಿಯುವ ಪದರಕ್ಕೇ ಸಮಸಮ. ಆಗುಂಬೆಯಿಂದ ಸೋಮೇಶ್ವರಕ್ಕೆ ಹಕ್ಕಿಗೆ ದೂರವೇನಿಲ್ಲ, ಬಸ್ಸು ಮಾತ್ರ ತಿರುವಿನ ಮೇಲೆ ತಿರುವು ಸುತ್ತಿ ಇಳಿಯಬೇಕು. ಪ್ರವಾಹದ ಪಾಡೂ ಅದೇ. ದಾರಿಯುದ್ದಕ್ಕೂ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಎಪಾಕ್ಸಿಯೂ ಒಂದಿಷ್ಟು ಹೀರುತ್ತದೆ, ಆವರ್ತನ ಏರಿದಷ್ಟೂ ಹೆಚ್ಚು.

ಬೆಳಕಿಗೆ ಈ ಕಾಟವಿಲ್ಲ. ಇಲ್ಲಿ ಬಳಸುವ 850 ನ್ಯಾನೋಮೀಟರ್ ಅವಕೆಂಪು ಬೆಳಕು ತಾನೇ ಸುಮಾರು ಮೂರೂವರೆ ಲಕ್ಷ ಗಿಗಾಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಅದರ ಮೇಲೆ 10 ಗಿಗಾಹರ್ಟ್ಸ್ ಸಂಕೇತ ಹೇರಿದರೂ 25 ಹೇರಿದರೂ ಪಾಲಿಮರ್ ಹೀರುವ ಪ್ರಮಾಣ ಬದಲಾಗುವುದಿಲ್ಲ.

ಬೆಳಕನ್ನು ಬಾಗಿಸಿ ಒಯ್ಯಬಹುದೆಂದು ಜಿನೀವಾದಲ್ಲಿ ಭೌತವಿಜ್ಞಾನಿ ಕೊಲಾಡೋನ್ 1841ರಲ್ಲೇ ನೀರಿನ ಧಾರೆಯಲ್ಲಿ ತೋರಿಸಿದ್ದ. ಬಹುಕಾಲ ಹೆಸರು ಬಂದದ್ದು 1854ರಲ್ಲಿ ಲಂಡನ್ನಿನಲ್ಲಿ ಅದನ್ನೇ ತೋರಿಸಿದ ಇನ್ನೊಬ್ಬ ಭೌತವಿಜ್ಞಾನಿ ಟಿಂಡಾಲ್‌ಗೆ. ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು, ಎದುರು ಬದಿಯಿಂದ ಲೇಸರ್ ಪಾಯಿಂಟರ್ ಹಿಡಿಯಿರಿ: ಕೆಂಪು ಚುಕ್ಕೆ ಧಾರೆಯೊಂದಿಗೆ ಬಾಗಿ ಅಂಗೈ ಮೇಲೆ ಬೀಳುತ್ತದೆ. ಕಣ್ಣಿನ ಎಚ್ಚರವಿರಲಿ. ನೀರಿನಿಂದ ಗಾಳಿಗೆ ಓರೆಯಾಗಿ ಬರುವ ಕಿರಣ ಹೊರಬೀಳಲಾರದೆ ಸಂಪೂರ್ಣ ಆಂತರಿಕ ಪ್ರತಿಫಲನಗೊಳ್ಳುತ್ತದೆ, ಅಷ್ಟೇ.

ಬೋರ್ಡಿನಲ್ಲಿ ನೀರಿನ ಜಾಗಕ್ಕೆ ಪಾಲಿಮರ್ ಬರುತ್ತದೆ. ದ್ರವರೂಪದಲ್ಲಿ ಸವರಿ, ನಾಳಗಳ ಆಕಾರದ ಕಿಂಡಿಗಳಿರುವ ಹಾಳೆಯ ಮೂಲಕ ಅತಿನೇರಳೆ ಬೆಳಕು ಬೀಳಿಸಿ, ಗಟ್ಟಿಯಾಗದ ಭಾಗವನ್ನು ತೊಳೆದರೆ ಸುಮಾರು 50 ಮೈಕ್ರೋಮೀಟರ್ ಚೌಕದ ನಾಳಗಳು ಉಳಿಯುತ್ತವೆ. ಸುತ್ತ ತುಸು ಕಡಿಮೆ ಸೂಚ್ಯಂಕದ ಇನ್ನೊಂದು ಪಾಲಿಮರ್. ಒಳಗೆ 1.52, ಹೊರಗೆ 1.50 ಇದ್ದರೆ ನಾಳದ ನೇರಕ್ಕೆ 9 ಡಿಗ್ರಿಯೊಳಗೆ ಸಾಗುವ ಕಿರಣ ತಪ್ಪಿಸಿಕೊಳ್ಳಲಾರದು. ಒಳ್ಳೆಯ ಪಾಲಿಮರ್‌ನಲ್ಲೂ ಒಂದು ಮೀಟರ್ ದಾಟುವಷ್ಟರಲ್ಲಿ ಉಳಿಯುವುದು ಮೂರನೇ ಒಂದು ಪಾಲು ಬೆಳಕು. ಗಾಜಿನ ಎಳೆಯ (ಆಪ್ಟಿಕಲ್ ಫೈಬರ್) ಎದುರು ಇದು ತೀರಾ ಕಳಪೆ, ಆದರೆ ಬೋರ್ಡು ಅಷ್ಟು ಉದ್ದವೂ ಇರುವುದಿಲ್ಲ. ನನಗೆ ಬಹಳ ಇಷ್ಟವಾದದ್ದು, ಒಂದೇ ಪದರದಲ್ಲಿ ಎರಡು ನಾಳಗಳು ಒಂದನ್ನೊಂದು ಅಡ್ಡ ಹಾಯಬಹುದು ಎಂಬುದು. ಎರಡರ ಬೆಳಕೂ ಹೆಚ್ಚು ಸೋರದೆ ತನ್ನ ದಾರಿ ಹಿಡಿಯುತ್ತದೆ. ತಾಮ್ರದಲ್ಲಿ ಹಾಗೆ ಮಾಡಿದರೆ ಶಾರ್ಟ್ ಸರ್ಕ್ಯೂಟ್.

ಇಂಥ ಬೋರ್ಡುಗಳನ್ನು 85 ಡಿಗ್ರಿ ಸೆಲ್ಸಿಯಸ್, ಶೇ. 85 ತೇವಾಂಶದಲ್ಲಿ ಇಟ್ಟು ಪರೀಕ್ಷಿಸುತ್ತಾರೆ. ತೇವಾಂಶದ ಮಟ್ಟಿಗೆ ಅದು ನಮ್ಮ ತೀರ್ಥಹಳ್ಳಿಯ ಆಷಾಢ. ಬೆಸುಗೆಯ ಒಲೆಯಲ್ಲಿ 250 ಡಿಗ್ರಿಯನ್ನೂ ಅವು ತಾಳಬೇಕು.

ತೊಡಕಿರುವುದು ಜೋಡಣೆಯಲ್ಲಿ. ಲೇಸರ್ ಬೋರ್ಡಿನ ಮೇಲೆ, ನಾಳ ಅದರ ಒಳಗೆ. ಬೆಳಕನ್ನು ತಿರುಗಿಸಲು ನಾಳದ ತುದಿಯಲ್ಲಿ 45 ಡಿಗ್ರಿಯ ಪುಟ್ಟ ಕನ್ನಡಿ ಬೇಕು. ಲೇಸರ್ ಕೆಲವೇ ಮೈಕ್ರೋಮೀಟರ್ ಸರಿದರೂ ಬೆಳಕು ಪೋಲಾಗತೊಡಗುತ್ತದೆ. ಮಾಮೂಲಿ ಬೋರ್ಡು ಕಾರ್ಖಾನೆಗೆ ಇಷ್ಟು ನಿಖರತೆ ದುಬಾರಿ. ಅತ್ತ ತಾಮ್ರದ ಎಂಜಿನಿಯರುಗಳೂ ಕೈಕಟ್ಟಿ ಕುಳಿತಿಲ್ಲ: ಹೆಚ್ಚು ನುಣುಪಾದ ಹಾಳೆ, ಕಡಿಮೆ ಹೀರುವ ರಾಳ, ಮಸುಕಾದ ಸಂಕೇತವನ್ನು ತಿದ್ದುವ ಚಿಪ್ ಎಲ್ಲವನ್ನೂ ತಂದಿದ್ದಾರೆ. ಹಾಗಾಗಿ ಮನೆಯ ಕಂಪ್ಯೂಟರಿನ ಬೋರ್ಡಿನಲ್ಲಿ ಸದ್ಯಕ್ಕೆ ತಾಮ್ರದ್ದೇ ಕಾರುಬಾರು. ದತ್ತಾಂಶ ಕೇಂದ್ರಗಳಲ್ಲಿ ಮಾತ್ರ ಗಾಜಿನ ಎಳೆ ಚಿಪ್‌ನ ಪಕ್ಕಕ್ಕೇ ಬರತೊಡಗಿದೆ.