ಮಗುವಿಗೆ ‘ಹೇಳು, ಹೇಳು’ ಅನ್ನುವುದು ಬಿಡಿ

ರಾಯಚೂರಿನ ನಮ್ಮ ಕ್ಲಿನಿಕ್ಕಿಗೆ ಮಾತು ತಡವಾದ ಮಗುವನ್ನು ಕರೆತರುವವರು ಕೂತ ಕೂಡಲೇ ಶುರು ಮಾಡುತ್ತಾರೆ: “ಹೇಳಪ್ಪಿ, ಮೇಡಂಗೆ ನಮಸ್ಕಾರ ಹೇಳು. ಮ್ಯಾಲೆ ಏನೈತಿ? ಫ್ಯಾನ್ ಅನ್ನು.” ಮಗು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. “ಎಲ್ಲಾ ತಿಳಿತೈತ್ರಿ ಮೇಡಂ, ಮಾತೊಂದ ಬರವಲ್ದು” ಎನ್ನುತ್ತಾರೆ ಅಜ್ಜಿ.

ಮನೆಯಲ್ಲೂ ಇಡೀ ದಿನ ಇದೇ ನಡೆದಿರುತ್ತದೆ. ಹೀಗೆ ಪ್ರಶ್ನೆ ಜಾಸ್ತಿಯಾದಷ್ಟೂ ಮಗು ಬಾಯಿ ಬಿಡುವುದು ಕಮ್ಮಿಯಾಗುತ್ತದೆ. ಅದು ಏನನ್ನು ನೋಡುತ್ತಿದೆಯೋ ಅದರ ಬಗ್ಗೆ, ಅದೇ ಹೊತ್ತಿಗೆ, ನೀವು ಸಣ್ಣ ಸಣ್ಣ ಮಾತು ಆಡಬೇಕು.

ರೊಟ್ಟಿ ಬಡಿಯುವಾಗ ಮಗುವನ್ನು ಒಲೆಯಿಂದ ದೂರ, ನಿಮ್ಮ ಮುಖ ಕಾಣುವಂತೆ ಕೂರಿಸಿ. ಕೈಗೊಂದು ಹಿಟ್ಟಿನ ಉಂಡೆ ಕೊಡಿ. “ಟಪ್ ಟಪ್. ರೊಟ್ಟಿ ಬಡಿ. ರೊಟ್ಟಿ ದೊಡ್ಡದಾಯ್ತು. ಅಬ್ಬಾ, ಬಿಸಿ!” ಇಷ್ಟೇ. ದಿನಾ ಅದೇ ಮಾತು. ನಿಮಗೆ ಬೇಜಾರಾಗಬಹುದು, ಮಗುವಿಗೆ ಆಗುವುದಿಲ್ಲ. ಕೆಲವು ದಿನ ಕಳೆದ ಮೇಲೆ “ರೊಟ್ಟಿ...” ಎಂದು ನಿಲ್ಲಿಸಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ದೊಡ್ಡವರಿಗೆ ಕಷ್ಟವಾಗುವುದು ಇದೇ. ಮೂರು ಎಣಿಸುವಷ್ಟರಲ್ಲಿ ತಾವೇ ಹೇಳಿಬಿಡುತ್ತಾರೆ. ಮಗು ಬರೀ “ಬ” ಅಂದರೂ, ಕೈ ತಟ್ಟಿದರೂ ಅದು ಉತ್ತರವೇ. “ಹೂಂ, ರೊಟ್ಟಿ ಬಡಿ!” ಎಂದು ಮುಂದುವರಿಸಿ. “ನೀಯ” ಅಂದರೆ “ಹಂಗಲ್ಲ, ನೀರು ಅನ್ನು” ಎಂದು ತಿದ್ದಬೇಡಿ. “ನೀರು ಬೇಕಾ? ತಗೋ, ತಣ್ಣನೆ ನೀರು” ಅನ್ನಿ. ಅದು ಒಂದು ಪದ ಆಡಿದರೆ ನೀವು ಎರಡು ಮಾಡಿ ಕೊಡಿ.

ಮಂಡಾಳನ್ನು (ಮಂಡಕ್ಕಿ) ಬಟ್ಟಲು ತುಂಬ ಕೊಡುವ ಬದಲು ಸ್ವಲ್ಪ ಕೊಟ್ಟು ಡಬ್ಬಿ ಮುಚ್ಚಿ. ಕೇಳುವುದಕ್ಕೆ ಒಂದು ಕಾರಣ ಇರಬೇಕಲ್ವಾ? ಆದರೆ ಅಳಿಸುವ ತನಕ ಸತಾಯಿಸಬೇಡಿ.

ನಮ್ಮ ಕಡೆ ಮನೆಯೊಳಗೆ ತೆಲುಗು, ಓಣಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು. ಇದರಿಂದ ಮಾತು ತಡವಾಗುವುದಿಲ್ಲ. ಮಗುವಿಗೆ ಬರುವ ಪದಗಳನ್ನು ಎಣಿಸುವಾಗ ಎಲ್ಲ ಭಾಷೆ ಸೇರಿಸಿ. ಮೊಬೈಲ್ ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ 2 ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ತೋರಿಸಬೇಡಿ ಎಂದಿದೆ. ದುಡಿಯಲು ಬೆಂಗಳೂರಿಗೆ ಹೋದ ಅಪ್ಪನ ಜೊತೆ ವಿಡಿಯೋ ಕಾಲ್ ಮಾಡುವುದಕ್ಕೆ ನನ್ನ ತಕರಾರಿಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತದೆ ಎಂಬುದು ಸುಮ್ನೆ ನಂಬಿಕೆ.

“ಅವರಪ್ಪನೂ ತಡವಾಗಿ ಮಾತಾಡಿದ್ದ” ಎಂದು ಕಾಯುತ್ತಾ ಕೂರುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. 16 ತಿಂಗಳಾದರೂ ಒಂದೂ ಪದ ಇಲ್ಲ, ಅಥವಾ 2 ವರ್ಷವಾದರೂ “ಅವ್ವ ಬಾ” ಎಂಬಂತೆ ಎರಡು ಪದ ಜೋಡಿಸುತ್ತಿಲ್ಲ ಅಂದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಂದ ಮಾತು ಹೋಗಿದ್ದರೆ ಯಾವ ವಯಸ್ಸಾದರೂ ತಕ್ಷಣ ತೋರಿಸಿ. ತಟ್ಟೆ ಬಿದ್ದ ಸದ್ದಿಗೆ ಮಗು ತಿರುಗುತ್ತದೆ ನಿಜ. ಅಷ್ಟಕ್ಕೇ ಮಾತೆಲ್ಲ ಕೇಳುತ್ತದೆ ಅನ್ನುವಂತಿಲ್ಲ. “ಸ”ದಂಥ ಮೆಲುದನಿ ತಪ್ಪಿಹೋಗುತ್ತಿರಬಹುದು. ಪರೀಕ್ಷೆಯಲ್ಲಿ ನೋವಿಲ್ಲ, ಮಗು ಮಲಗಿದ್ದಾಗಲೇ ಮಾಡಬಹುದು. ಕಿವಿ ಸೋರುತ್ತಿದ್ದರೆ, ಅಥವಾ ಮಗುವಿನ ಅಪ್ಪ-ಅವ್ವ ಸೋದರಮಾವನಂಥ ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ಇನ್ನೂ ಬೇಗ ಮಾಡಿಸಿ.

ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೇ ಬರುತ್ತದೆ, ಬೇಕಾದರೆ ಮುಂದಿನ ಆಸ್ಪತ್ರೆಗೆ ಕಳಿಸುತ್ತದೆ. ಹೋಗುವಾಗ ಮಗು ಆಡುವ ಪದಗಳನ್ನೆಲ್ಲ, ಅರ್ಧಂಬರ್ಧ ಆಡುವುದನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.